ಒಂಬತ್ತು ತಿಂಗಳ ವರ್ಷ

ಅಂಕಿಅಂಶ ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಶತಮಾನದಮ್ಮ ಎಂದೇ ಕರೆಯುತ್ತಿದ್ದರು. ದೇಶದ ನೂರು ವರ್ಷಗಳ ಆಸ್ತಿ, ಆದಾಯ, ಸಾಲವನ್ನು ಹಳೆಯ ವರದಿಗಳಿಂದ ಹೆಕ್ಕಿ ಒಂದೇ ಪಟ್ಟಿಗೆ ತಂದ ಪುಣ್ಯಾತ್ಗಿತ್ತಿ ಆಕೆ. ಆ ಪಟ್ಟಿಯಿಂದ ಎಳೆದ, ಸಾಲದ ಏರಿಳಿತ ತೋರಿಸುವ ಗ್ರಾಫಿನ ಗೆರೆ ಪಾಠಪುಸ್ತಕಕ್ಕೂ ಹೋಗಿತ್ತು. ಟೀಚರಾಗಿದ್ದ ಮಗಳು, “ಇದು ನಮ್ಮಮ್ಮ ಎಳೆದಿದ್ದು” ಎಂದು ಮಕ್ಕಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಗೆರೆಯ ನಡುವೆ, ಅರವತ್ತು ವರ್ಷದ ಹಿಂದೆ, ಒಂದು ಎತ್ತರದ ಕೋಡು. ಆ ವರ್ಷ ದೇಶದ ಆದಾಯ ನೂರಿದ್ದರೆ ಸಾಲ ನೂರಿಪ್ಪತ್ತು. ಈಗ ಸಾಲದ ಮಾತೆತ್ತಿದರೆ ಸಾಕು, ಸರ್ಕಾರದ ದೊಡ್ಡವರು ಆ ಕೋಡು ತೋರಿಸಿ, ಅಂಥದ್ದನ್ನೇ ದಾಟಿ ಬಂದಿದ್ದೇವೆ, ಇದ್ಯಾವ ಮಹಾ ಅನ್ನುತ್ತಿದ್ದರು.

ನಿವೃತ್ತಿಗೆ ನಾಲ್ಕು ದಿನವಿರುವಾಗ, ಬೀರು ಖಾಲಿ ಮಾಡುತ್ತಿದ್ದ ಆಕೆಗೆ ಆ ವರ್ಷದ ವರದಿ ಸಿಕ್ಕಿತು. ಪುಟದ ಬುಡದಲ್ಲಿ ಇರುವೆಯಂಥ ಅಕ್ಷರದ ಟಿಪ್ಪಣಿ: ಲೆಕ್ಕದ ವರ್ಷದ ಆರಂಭ ಬದಲಾದ್ದರಿಂದ ಈ ವರ್ಷಕ್ಕೆ ಒಂಬತ್ತೇ ತಿಂಗಳು. ಸಾಲವೆಂದರೆ ಕೊನೆಯ ದಿನ ಎಷ್ಟಿದೆಯೋ ಅಷ್ಟು, ಅದಕ್ಕೆ ತಿಂಗಳ ಹಂಗಿಲ್ಲ. ಆದಾಯ ಮಾತ್ರ ಒಂಬತ್ತು ತಿಂಗಳದ್ದು. ಅದನ್ನು ಇಡೀ ವರ್ಷದ್ದೆಂದು ಬರೆದುಕೊಂಡವಳು ತಾನೇ. ಕೋಡು ಏಳದೆ ಇನ್ನೇನಾದೀತು? ಹನ್ನೆರಡು ತಿಂಗಳ ಆದಾಯಕ್ಕೆ ಹೋಲಿಸಿದರೆ ಸಾಲ ನೂರಿಪ್ಪತ್ತರಿಂದ ತೊಂಬತ್ತಕ್ಕೆ ಇಳಿಯುತ್ತಿತ್ತು.

ಎರಡು ದಿನ ಆಕೆ ಕೂತಲ್ಲಿ ಕೂರಲಿಲ್ಲ. ಊಟಕ್ಕೆ ಕೂತವಳು ಎದ್ದಳು, ಒಲೆ ಆರಿಸಿದೆನಾ ಎಂದು ಮೂರು ಸಲ ನೋಡಿದಳು, ಹೆದರಿದ್ದಳು ಕೂಡ. ಮೂವತ್ತು ವರ್ಷದಲ್ಲಿ ಸಂಪಾದಿಸಿದ ಹೆಸರು ಒಂದು ಟಿಪ್ಪಣಿಗೆ ಮಣ್ಣುಪಾಲಾಗುವುದಿತ್ತು. ಮೂರನೆಯ ದಿನ ನಿರ್ದೇಶಕರ ಕೋಣೆಗೆ ಹೋಗಿ ಆ ಟಿಪ್ಪಣಿ ತೋರಿಸಿ, ಗೆರೆ ತಿದ್ದಬೇಕು ಎಂದಳು.

“ನಾಳೆ ನಿಮ್ಮ ಬೀಳ್ಕೊಡುಗೆ. ಆ ಗೆರೆಗೇ ಕಟ್ಟು ಹಾಕಿಸಿ ನಿಮಗೆ ಕೊಡ್ತಾ ಇದೀವಿ. ಯಾರೂ ಕೇಳದೆ ಇರೋದನ್ನ ಯಾಕಮ್ಮಾ ಕೆದಕ್ತೀರಾ?” ಎಂದರು ಅವರು.

“ಯಾರೂ ಕೇಳಲ್ಲ ಅಂತಾನೇ ಸರ್ ನಿದ್ದೆ ಬರ್ತಿಲ್ಲ. ಈಗಿನ ಸಾಲ ತೊಂಬತ್ತೆಂಟು. ಆ ಕೋಡು ಇಳಿಸಿದ್ರೆ ನೂರು ವರ್ಷದಲ್ಲಿ ಎಲ್ಲಕ್ಕಿಂತ ಎತ್ತರ ಯಾವುದು, ಹೇಳಿ.”

ನಿರ್ದೇಶಕರು ಪೆನ್ನು ಕೆಳಗಿಟ್ಟರು. “ತಿದ್ದಿದ್ರೆ ತಪ್ಪು ಯಾರದು ಅಂತ ಬರೀಬೇಕಾಗುತ್ತೆ” ಎಂದರು.

“ಬರೆದೇ ತಂದಿದೀನಿ.”

ಸಂಜೆ ಮಗಳಿಗೆ ಫೋನ್ ಮಾಡಿದಳು. “ನಾಳೆ ಕ್ಲಾಸಲ್ಲಿ ಆ ಪುಟ ತೆಗೆಸು. ನಡುವಿನ ಕೋಡನ್ನ ಹೊಡೆದುಹಾಕೋಕೆ ಹೇಳು.”

“ತಪ್ಪು ಯಾರು ಮಾಡಿದ್ದು ಅಂತ ಮಕ್ಕಳು ಕೇಳಿದ್ರೆ?”

“ನಮ್ಮಮ್ಮ ಅನ್ನು. ಆಮೇಲೆ ಈ ವರ್ಷದ ಚುಕ್ಕೆ ತೋರಿಸು. ತೀರಿಸೋರು ಆ ಮಕ್ಕಳೇ ಅಲ್ವೇನೇ, ಅವರಿಗಾದ್ರೂ ಸರಿಯಾಗಿ ಗೊತ್ತಿರಲಿ.”