ಕಣಜ ಹೊಕ್ಕ ಬಂದೂಕಿನ ವರ

ಓ ಕೇಣಿಚಿರದವರೇ, ಬಸ್ಸಿಗಿನ್ನೂ ಹೊತ್ತಿದೆ, ನಳಿನಿಯ ನಿಶ್ಚಿತಾರ್ಥದ ಕತೆ ಕೇಳಿ ಹೋಗಿ! ನಕ್ಸಲರ ಹೆಸರು ಕೇಳಿದರೇ ಗದ್ದೆಯೊಡೆಯರ ಪಂಚೆ ಸಡಿಲವಾಗುತ್ತಿದ್ದ ಕಾಲ. ಅವಳ ಸೋದರಮಾವ ದಾಸಪ್ಪ, ಕೂಲಿಯವರ ಭತ್ತವನ್ನು ಕಣಜದಲ್ಲಿ ಬಚ್ಚಿಟ್ಟ ಧೀರ, ಮನೆ ಕಾಯಲು ಬಂದೂಕಿನ ಚೆನ್ನಯ್ಯನನ್ನು ತಂದ. ತನ್ನ ಪುಕ್ಕಲುತನ ಊರಿಗೆ ತಿಳಿಯಬಾರದೆಂದು, ಬಂದವನು ಮದುವೆ ಗಂಡು ಎನ್ನುತ್ತ ಅವನಿಗೂ ನಳಿನಿಗೂ ನಿಶ್ಚಿತಾರ್ಥದ ವೀಳ್ಯ ಬದಲಾಯಿಸಿದ.

“ಬರೀ ನಾಟಕ ಕಣಮ್ಮ, ಗಲಾಟೆ ತಣ್ಣಗಾಗೋ ತನಕ.”

ಆಮೇಲೆ ಅವಳನ್ನು ಯಾರು ಕೇಳಿ ಬರುತ್ತಾರೆ? ಆ ಚಿಂತೆ ಮಾವನಿಗಿರಲಿಲ್ಲ. ಚೆನ್ನಯ್ಯನೋ ಮೀಸೆ ತಿರುವುತ್ತ ದಿನಾ ಕೋಳಿಸಾರು ಹೊಡೆದ.

ಒಂದು ಮಧ್ಯಾಹ್ನ ಗದ್ದೆಯಾಳು ವೆಳ್ಳಚ್ಚಿ ಹೆಂಗಸರನ್ನು ಕರೆದುಕೊಂಡು ಅಂಗಳಕ್ಕೆ ಬಂದಳು. “ನಕ್ಸಲರು!” ಎಂದು ಕೂಗಿ ಮಾವ ಅಟ್ಟ ಹತ್ತಿದ. ವೆಳ್ಳಚ್ಚಿ ಕೇಳಿದ್ದು ಕೂಲಿಯ ಭತ್ತ. ನಳಿನಿ ಕಣಜದ ಬಾಗಿಲು ತೆಗೆದರೆ, ಕತ್ತಿನವರೆಗೆ ಭತ್ತದಲ್ಲಿ ಹೂತುಕೊಂಡ ಚೆನ್ನಯ್ಯ!

“ಹೋದ್ರಾ?”

“ಬಾ ಹೊರಗೆ, ಭತ್ತ ಅಳೀಬೇಕು.”

ವೆಳ್ಳಚ್ಚಿ ಬಾಯಿಗೆ ಸೆರಗಿಟ್ಟಳು. “ಇವ್ನಾ ಮೋಳೇ, ನಿನ್ನ ಚೆಕ್ಕನ್, ಮದುವೆ ಗಂಡು?”

“ಅಲ್ಲ. ಆ ವೀಳ್ಯ ಸುಳ್ಳು. ಮಾವ ಹೆದ್ರಿ ತಂದ ಕಾವಲಿನವ ಇವ. ಊರಿಗೆಲ್ಲ ಹೇಳು.”

ಚೆನ್ನಯ್ಯ ಭತ್ತ ಕೊಡವುತ್ತ ಬೇಲಿ ದಾಟಿದ. “ಅಳೀಬೇಡ ಕಣೇ!” ಮಾವ ಮೇಲಿನಿಂದಲೇ ಕಿರುಚಿದ, ಇಳಿಯಲಿಲ್ಲ. ನಳಿನಿ ಎಲ್ಲರ ಕುಕ್ಕೆ ತುಂಬಿಸಿದಳು. ಕತ್ತಲಾದಾಗ ಅಟ್ಟದ ಏಣಿಯನ್ನು ಹಿತ್ತಲಿಗೆ ಎಳೆದು ಹಾಕಿ ಮಲಗಿದಳು.