ಹಾಜರಿ ಮೇಷ್ಟ್ರು ಬರೆದಿಟ್ಟ ಟೀಸಿ

ಮೇಷ್ಟ್ರನ್ನು ಹುಚ್ಚ ಎಂದವರ ಬಾಯಿಗೆ ಮಣ್ಣು ಬೀಳಲಿ. ಹದಿನೆಂಟು ವರ್ಷ ಅವರ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವಳು ನಾನು. ಅವರ ತಲೆ ನೆಟ್ಟಗಿತ್ತೋ ಇಲ್ಲವೋ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಜರಿ ಮೇಷ್ಟ್ರು ಎಂಬ ಅಡ್ಡಹೆಸರು ಇಟ್ಟಿದ್ದು ಮಕ್ಕಳು. ಬೆಳಿಗ್ಗೆ ಒಂದು ಸಲ, ಊಟ ಆದ ಮೇಲೆ ಇನ್ನೊಂದು ಸಲ ಹಾಜರಿ ಕೂಗದೆ ಅವರಿಗೆ ಪಾಠ ಬಾಯಿಗೆ ಬರುತ್ತಿರಲಿಲ್ಲ. ನೂಲಿನ ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಅದು ಅರ್ಧ ಗಂಟೆಯ ಕೆಲಸ. ನೂರಾ ನಲವತ್ತು ಮಕ್ಕಳು, ಮೂವರು ಮೇಷ್ಟ್ರು. ‘ಮದುವೆ ಯಾಕೆ ಆಗಲಿಲ್ಲ ಮೇಷ್ಟ್ರೇ?’ ಎಂದು ನಾನೊಮ್ಮೆ ಕೇಳಿದ್ದೆ. ‘ಇಷ್ಟು ಮಕ್ಕಳು ಸಾಲದೇನಮ್ಮಾ?’ ಎಂದು ನಕ್ಕಿದ್ದರು.

ಆಮೇಲೆ ಗಿರಣಿ ನಿಂತಿತು. ಮೊದಲು ಗಂಡಸರು ದೊಡ್ಡ ನಗರಕ್ಕೆ ಕಟ್ಟಡದ ಕೆಲಸಕ್ಕೆ ಹೋದರು. ಮರು ವರ್ಷ ಹೆಂಗಸರು, ಅವರ ಸೆರಗು ಹಿಡಿದು ಮಕ್ಕಳು. ನನ್ನ ಮಗಳೂ ಅಳಿಯನೂ ಹೋದರು. ಗಿರಣಿಯವರ ಸಾಲುಮನೆಗಳಲ್ಲಿ ಒಂದೊಂದೇ ಬಾಗಿಲಿಗೆ ಬೀಗ ಬಿತ್ತು. ಸಂಜೆ ನೀರು ತರಲು ಹೋದರೆ ನನ್ನ ಚಪ್ಪಲಿಯ ಸದ್ದು ಎದುರು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಹಿಂದೆ ಯಾರೋ ಬಂದರು ಎಂದು ತಿರುಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ.

ಇಬ್ಬರು ಮೇಷ್ಟ್ರು ವರ್ಗ ಮಾಡಿಸಿಕೊಂಡು ಜಾಗ ಖಾಲಿ ಮಾಡಿದರು. ಇವರು ಒಬ್ಬರೇ ಉಳಿದರು. ಹಾಜರಿ ಪುಸ್ತಕದಲ್ಲಿ ಹತ್ತಕ್ಕಿಂತ ಕಡಿಮೆ ಹೆಸರಾದರೆ ಶಾಲೆ ಮುಚ್ಚಬೇಕು ಎಂಬುದು ನಿಯಮ. ಮುಚ್ಚಿದರೆ ಇನ್ನೊಂದು ಶಾಲೆ ಏಳು ಮೈಲಿ ಆಚೆ; ಅಲ್ಲಿಗೆ ಬಸ್ಸೂ ಇಲ್ಲ. ನಮ್ಮ ಪುಸ್ತಕದಲ್ಲಿ ಸರಿಯಾಗಿ ಹತ್ತು ಹೆಸರಿದ್ದವು. ತರಗತಿಯಲ್ಲಿ ಕೂರುತ್ತಿದ್ದದ್ದು ಆರು ಮಕ್ಕಳು. ಉಳಿದ ನಾಲ್ವರು ಅಪ್ಪ ಅಮ್ಮನ ಜೊತೆ ಹೇಳದೆ ಕೇಳದೆ ಹೋದವರು, ಟೀಸಿ ಕೇಳಲು ಬರದವರು. ಟೀಸಿ ಎಂದರೆ ಶಾಲೆ ಬಿಟ್ಟದ್ದಕ್ಕೆ ಕೊಡುವ ಕಾಗದ. ಅದನ್ನು ಬರೆದುಕೊಡುವ ತನಕ ಹೆಸರು ಹೊಡೆದುಹಾಕುವ ಹಾಗಿಲ್ಲ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡಿದ್ದರು. ಸುಳ್ಳು ಎಂದು ಅವರಿಗೆ ಗೊತ್ತಿತ್ತು. ಆರು ಮಕ್ಕಳ ಸಲುವಾಗಿ ನಾಲ್ಕು ಸುಳ್ಳು, ಅಷ್ಟೇ.

ಹೋದವರ ಹೆಸರನ್ನೂ ಅವರು ಗಟ್ಟಿಯಾಗಿಯೇ ಕೂಗುತ್ತಿದ್ದರು. ಕೂಗಿ, ಸ್ವಲ್ಪ ಹೊತ್ತು ಕಾದು, ಮುಂದಕ್ಕೆ ಹೋಗುತ್ತಿದ್ದರು. ಆ ಕಾಯುವ ಹೊತ್ತು ನನ್ನ ಅಡುಗೆಕೋಣೆಯವರೆಗೂ ಕೇಳುತ್ತಿತ್ತು. ಒಂದು ದಿನ ನಾವೆಲ್ಲ ಮಾತಿನಮಲ್ಲಿ ಎಂದು ಕರೆಯುತ್ತಿದ್ದ ಹುಡುಗಿ ತಡೆಯಲಾರದೆ, ಊರು ಬಿಟ್ಟ ಗುಂಡನ ಗೊಗ್ಗರು ದನಿಯಲ್ಲೇ ‘ಹಾಜರ್ ಸಾರ್’ ಎಂದುಬಿಟ್ಟಳು. ಹತ್ತು ವರ್ಷದ ಹುಡುಗಿ, ಯಾರ ದನಿ ಬೇಕಾದರೂ ತೆಗೆಯುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕರು. ಅವತ್ತಿನಿಂದ ಹತ್ತು ಹೆಸರಿಗೆ ಹತ್ತು ದನಿ.

ಆಟ ಆಟವಾಗಿ ಉಳಿಯಲಿಲ್ಲ. ‘ಸಾರ್, ಗುಂಡ ನನ್ನ ಬಳಪ ಕಿತ್ಕೊಂಡ’ ಎಂದು ದೂರು ಬರತೊಡಗಿತು. ನಾನೂ ಊಟಕ್ಕೆ ಹತ್ತು ತಟ್ಟೆ ಹಾಕತೊಡಗಿದೆ. ಯಾಕೆ ಎಂದು ಕೇಳಬೇಡಿ, ಕೈ ಹಾಕಿತು. ಒಂದು ಮಧ್ಯಾಹ್ನ ಎಲ್ಲರಿಗಿಂತ ಚಿಕ್ಕವಳು ಬಿಕ್ಕಿ ಬಿಕ್ಕಿ ಅಳುತ್ತಾ ನನ್ನ ಹತ್ತಿರ ಬಂದಳು.

‘ಗುಂಡ ಚಿವುಟಿದ ದೊಡ್ಡಮ್ಮಾ.’

‘ಗುಂಡ ಊರಲ್ಲೇ ಇಲ್ವಲ್ಲೇ, ಹುಚ್ಚಿ!’

ಅವಳು ತೋಳು ತೋರಿಸಿದಳು. ಎರಡು ಉಗುರಿನ ಗುರುತು ಕೆಂಪಗೆ ಎದ್ದಿತ್ತು. ಅವಳೇ ಚಿವುಟಿಕೊಂಡಿರಬೇಕು. ಇಲ್ಲ, ಬೇರೆ ಮಕ್ಕಳು. ಏನೋ ಒಂದು. ನಾನು ಎಣ್ಣೆ ಸವರಿ ಕಳಿಸಿದೆ. ಆಮೇಲೆ ಆ ಖಾಲಿ ಜಾಗದ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

ಆ ವರ್ಷವೇ ಮಾತಿನಮಲ್ಲಿಯ ತಾಯಿ ಟೀಸಿ ಕೇಳಲು ಬಂದಳು. ಗಂಡ ಆಗಲೇ ನಗರದಲ್ಲಿದ್ದ.

‘ಅಲ್ಲಿ ಸ್ಕೂಲಲ್ಲಿ ಕೇಳಿದೀವಿ ಮೇಷ್ಟ್ರೇ. ಮುಂದಿನ ತಿಂಗಳ ಹತ್ತರೊಳಗೆ ಟೀಸಿ ತಂದ್ರೆ ಸೇರಿಸ್ಕೋತಾರಂತೆ. ಇಲ್ಲಾಂದ್ರೆ ಇಲ್ಲ. ಇವಳು ನನ್ ಜೊತೆ ಮರಳು ಹೊರಬೇಕಾಗುತ್ತೆ.’

‘ಮುಂದಿನ ವಾರ ಬಾಮ್ಮಾ, ಕೊಡ್ತೀನಿ’ ಎಂದರು ಮೇಷ್ಟ್ರು.

ಅವಳು ಅತ್ತ ಹೋದ ಮೇಲೆ ಅಡುಗೆಕೋಣೆಯ ಹೊಸ್ತಿಲ ಮೇಲೆ ಕುಕ್ಕರಿಸಿದರು. ‘ಬರೆದುಕೊಟ್ರೆ ಒಂಬತ್ತಾಗುತ್ತೆ. ಈ ಐದು ಮಕ್ಕಳ ಗತಿ? ಕೊಡದಿದ್ರೆ ಅವಳ ಗತಿ? ಅತ್ತ ದರಿ ಇತ್ತ ಪುಲಿ ನೋಡಮ್ಮಾ.’

‘ಕೊಡಬೇಡಿ’ ಎಂದೆ ನಾನು. ತಡವರಿಸದೆ ಎಂದೆ. ‘ಹೋಗೋರು ಹೋಗ್ತಾರೆ. ಇರೋರನ್ನ ನೋಡಿ.’

ಐದು ಮಕ್ಕಳ ಹೆಸರು ಹೇಳಿದೆನಾದರೂ ನನ್ನ ಮನಸ್ಸಿನಲ್ಲಿ ಇದ್ದದ್ದು ನನ್ನ ಒಲೆ. ಶಾಲೆ ಮುಚ್ಚಿದರೆ ನಾನು ಮನೆಯಲ್ಲಿ ಗೋಡೆಗಳ ಜೊತೆ ಮಾತಾಡುತ್ತಾ ಕೂರಬೇಕಿತ್ತು. ನನಗೆ ಆ ಖಾಲಿ ಮನೆಗಳ ಭಯ ಅಷ್ಟಿತ್ತು.

ಮುಂದಿನ ವಾರ, ಅದರ ಮುಂದಿನ ವಾರ ಎಂದು ಮೇಷ್ಟ್ರು ಸಾಗಹಾಕಿದರು. ಕೊನೆಗೆ ತಾಯಿ ಮಗಳು ಟೀಸಿ ಇಲ್ಲದೆಯೇ ಹೊರಟುಹೋದರು. ಹೋಗುವ ದಿನ ಹುಡುಗಿ ಕಿಟಕಿಯಿಂದ ‘ಹತ್ತನೇ ತಾರೀಕು ಮರೀಬೇಡಿ ಸಾರ್’ ಎಂದು ಕೂಗಿ ಓಡಿದಳು. ಅವರ ವಿಳಾಸ ಕೇಳಿಟ್ಟುಕೊಳ್ಳಲು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಮೇಷ್ಟ್ರು ದಿನಾ ಅರ್ಧ ಊಟಕ್ಕೇ ಏಳತೊಡಗಿದರು. ಹಾಜರಿಯಲ್ಲಿ ಅವಳ ಹೆಸರು ಬಂದಾಗ ಉಳಿದ ಐದೂ ಮಕ್ಕಳು ಬಾಯಿ ಹೊಲಿದವರಂತೆ ಕೂತರು. ಅವಳ ದನಿ ತೆಗೆಯಲು ಅವರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆರನೇ ತಾರೀಕು ಮೇಷ್ಟ್ರು ಟೀಸಿ ಬರೆದು, ಸಹಿ ಹಾಕಿ, ಮೊಹರು ಒತ್ತಿ, ಕಬ್ಬಿಣದ ಬೀರುವಿನಲ್ಲಿಟ್ಟರು.

‘ಐದು ಮಕ್ಕಳಿಗೋಸ್ಕರ ಒಂದು ಮಗೂನ ಬಲಿ ಕೊಡೋಕೆ ನಾನ್ಯಾರಮ್ಮಾ? ಅವಳ ತಾಯಿ ಬಂದೇ ಬರ್ತಾಳೆ. ಎಂಟನೇ ತಾರೀಕು ನನಗೆ ಕಚೇರಿಯಲ್ಲಿ ಮೀಟಿಂಗು. ಆಗ ಬಂದ್ರೆ ಕೊಟ್ಬಿಡು’ ಎಂದು ಬೀಗದ ಕೈ ನನಗೆ ಕೊಟ್ಟರು.

ಅವಳು ಎಂಟನೇ ತಾರೀಕೇ, ಮಕ್ಕಳು ಉಂಡು ಮನೆಗೆ ಹೋದ ಮೇಲೆ ಬಂದಳು. ಬೆಳಗಿನ ಜಾವ ಹೊರಟು, ಎರಡು ಬಸ್ಸು ಬದಲಾಯಿಸಿ, ಕೊನೆಯ ಮೂರು ಮೈಲಿ ಬಿಸಿಲಲ್ಲಿ ನಡೆದು. ಕಾಲೆಲ್ಲ ಧೂಳು. ಕೈಯಲ್ಲಿ ಸಿಮೆಂಟು ಕಚ್ಚಿದ ಗಾಯ.

‘ಬರೆದಿದ್ದಾರಾ ಅಕ್ಕಾ?’

ಬೀಗದ ಕೈ ನನ್ನ ಸೊಂಟದಲ್ಲಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದಿದ್ದರೆ ಮುಗಿದುಹೋಗುತ್ತಿತ್ತು.

‘ಇಲ್ಲ ಕಣೇ. ಇನ್ನೂ ಬರೆದಿಲ್ಲ’ ಎಂದೆ.

ಅವಳು ಅಲ್ಲೇ ಕುಸಿದು ಕೂತಳು. ನನಗೆ ಕರುಳು ಚುರ್ ಎಂದಿತು. ಆ ಕರುಳಿಗೆ ಬೆಂಕಿ ಹಾಕ, ಚುರ್ ಎಂದದ್ದಷ್ಟೇ! ತಟ್ಟೆ ಇಟ್ಟು ಊಟ ಬಡಿಸಿದೆ. ಬೇಡ ಬೇಡ ಎಂದವಳಿಗೆ ಬಲವಂತ ಮಾಡಿ ಎರಡು ಸಲ ಬಡಿಸಿದೆ. ಅಳುತ್ತಲೇ ಉಂಡಳು. ‘ಊಟ ಮಾಡು ಅಂತ ಅಂದವರೇ ಇಲ್ಲ ಅಕ್ಕಾ ಆ ಊರಲ್ಲಿ’ ಎಂದಳು. ತಟ್ಟೆ ತೊಳೆದಿಟ್ಟು, ಬಸ್ಸು ತಪ್ಪುತ್ತದೆ ಎಂದು ಎದ್ದು ಹೋದಳು. ಮಾರನೇ ದಿನ ಕೆಲಸಕ್ಕೆ ಹೋಗದಿದ್ದರೆ ಕೆಲಸವೇ ಹೋಗುತ್ತಿತ್ತು.

‘ಬಂದಿದ್ಲಾ?’ ಎಂದರು ಮೇಷ್ಟ್ರು, ಸಂಜೆ ಮೀಟಿಂಗಿನಿಂದ ಬಂದವರೇ.

‘ಇಲ್ಲ’ ಎಂದೆ.

ಒಂಬತ್ತರಂದು, ಹತ್ತರಂದು ಅವರು ಗೇಟಿನ ಹತ್ತಿರವೇ ನಿಂತು ಪಾಠ ಮಾಡಿದರು.

ಇಷ್ಟು ಮಾಡಿ ನಾನು ಶಾಲೆ ಉಳಿಸಿದ್ದು ಎಷ್ಟು ದಿನ ಗೊತ್ತೇ? ಐದು ತಿಂಗಳು. ಒಂದೇ ವಾರದಲ್ಲಿ ಎರಡು ಮನೆಯವರು ಟೀಸಿ ಕೇಳಿದರು, ಮೇಷ್ಟ್ರು ನಿಂತ ನಿಲುವಿನಲ್ಲೇ ಬರೆದುಕೊಟ್ಟರು. ಕಚೇರಿಯವರು ಬಂದು ಬಾಗಿಲಿಗೆ ಬೀಗ ಜಡಿದರು.

ಮೇಷ್ಟ್ರನ್ನು ಬೇರೆ ಊರಿಗೆ ಹಾಕಿದರು. ರಜೆ ಸಿಕ್ಕಾಗಲೆಲ್ಲ ಆ ಟೀಸಿ ಜೇಬಿನಲ್ಲಿಟ್ಟುಕೊಂಡು ನಗರಕ್ಕೆ ಹೋಗಿ, ಕಟ್ಟಡದಿಂದ ಕಟ್ಟಡಕ್ಕೆ ಅಲೆದು, ಆ ಹುಡುಗಿಯನ್ನು ಹುಡುಕಿದರು. ‘ಕಟ್ಟಡ ಮುಗಿದ್ರೆ ಕಟ್ಟಿದವರು ಎಲ್ಲಿ ಹೋದ್ರು ಅಂತ ಯಾರಿಗೂ ಗೊತ್ತಿರಲ್ಲಮ್ಮಾ. ಒಳಗಿರೋರು ನನ್ನನ್ನೇ ಕಳ್ಳನ ಹಾಗೆ ನೋಡ್ತಾರೆ’ ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಸಾಲುಮನೆಗೇ ವಾಪಸು ಬಂದು, ನನ್ನ ಪಕ್ಕದ ಮನೆಯ ಬೀಗ ತೆಗೆಸಿ ಉಳಿದರು. ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು ಹತ್ತೂ ಹೆಸರು ಕೂಗುತ್ತಿದ್ದರು. ಜನ ಹುಚ್ಚ ಎಂದದ್ದು ಅದಕ್ಕೆ.

ಅವಳ ಹೆಸರು ಕೂಗಿದಾಗ ಮಾತ್ರ ಬಹಳ ಹೊತ್ತು ಕಾಯುತ್ತಿದ್ದರು. ಒಂದು ದಿನ ನನ್ನ ಕೈಯಲ್ಲಿ ಅದನ್ನು ತಾಳಲು ಆಗಲಿಲ್ಲ. ಗೋಡೆಯ ಈಚೆಯಿಂದ ‘ಹಾಜರ್’ ಎಂದುಬಿಟ್ಟೆ. ಅವರು ಎದ್ದು ಬೀದಿಗೆ ಓಡಿದ ಸದ್ದು ಕೇಳಿಸಿತು. ಆಚೆ ತುದಿಯ ಮನೆಯವರೆಗೂ ಹೋಗಿ ಒಂದೊಂದು ಬಾಗಿಲೂ ತಟ್ಟಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೇ ಕೂತೆ. ಹೇಳಿಬಿಡೋಣ ಎಂದು ಸಾವಿರ ಸಲ ಅಂದುಕೊಂಡೆ. ಬಿಸಿ ತುಪ್ಪ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಹೋದ ಚಳಿಗಾಲದಲ್ಲಿ ಮೇಷ್ಟ್ರು ತೀರಿಹೋದರು. ಆ ಕಾಗದ ಅವರ ಅಂಗಿಯ ಜೇಬಿನಲ್ಲೇ ಇತ್ತು. ನಾನೇ ತೆಗೆದಿಟ್ಟುಕೊಂಡೆ.

ಮೊನ್ನೆ ಹಳೇ ಗಿರಣಿ ಕೆಡವಲು ಹೊರಗಿನಿಂದ ಕೂಲಿಯವರ ಗುಂಪು ಬಂತು. ಮಧ್ಯಾಹ್ನ ಒಬ್ಬಳು ಹುಡುಗಿ ನೀರು ಕೇಳಲು ನನ್ನ ಬಾಗಿಲಿಗೆ ಬಂದಳು. ಇಪ್ಪತ್ತರ ಆಸುಪಾಸು, ತಲೆಗೆ ಬಟ್ಟೆ, ರೆಪ್ಪೆಯ ಮೇಲೆಲ್ಲ ಸುಣ್ಣದ ಪುಡಿ.

‘ದೊಡ್ಡಮ್ಮಾ, ಗುರುತು ಸಿಗಲಿಲ್ವಾ?’

ಸಿಕ್ಕಿತು. ನೀರಿನ ಚೊಂಬು ತಂದು ಅವಳ ಮುಂದಿಟ್ಟೆ.

‘ಮೇಷ್ಟ್ರು ಇಲ್ವಂತೆ. ಅಮ್ಮನಿಗೆ ಅವರ ಮೇಲೆ ಇವತ್ತಿಗೂ ಸಿಟ್ಟು ಆರಿಲ್ಲ. ಒಂದು ಕಾಗದ ಬರೆದುಕೊಡೋಕೆ ಏನು ರೋಗ ಅಂತಾಳೆ’ ಎಂದಳು.

ನನಗೆ ಆಗಲಿಲ್ಲ. ಸತ್ತವರ ಮೇಲೆ ಆ ಮಾತು ಬೀಳುವುದನ್ನು ನೋಡಲು ಆಗಲಿಲ್ಲ. ಒಳಗೆ ಹೋಗಿ ಟೀಸಿ ತಂದು ಅವಳ ಕೈಗೆ ಕೊಟ್ಟೆ.

‘ಬರೆದಿದ್ರು ಕಣೇ. ನಿಮ್ಮಮ್ಮ ಬರೋಕೆ ಎರಡು ದಿನ ಮುಂಚೆನೇ ಬರೆದಿದ್ರು. ಬೀಗದ ಕೈ ನನ್ನ ಹತ್ರ ಇತ್ತು. ನಾನು ಕೊಡಲಿಲ್ಲ.’

ಅವಳು ಅದನ್ನು ಬಿಡಿಸಿದಳು. ಬೆರಳಿಟ್ಟು ತನ್ನ ಹೆಸರನ್ನು ನಿಧಾನವಾಗಿ ಕೂಡಿಸಿ ಓದಿದಳು. ಮೊಹರಿನ ಮೇಲಿನ ತಾರೀಕು ಓದಿದಳು. ಬೈಯಲಿ, ಹೊಡೆಯಲಿ, ಉಗಿಯಲಿ ಎಂದು ನಾನು ಮುಖ ಒಡ್ಡಿ ನಿಂತಿದ್ದೆ. ಅವಳು ಕಾಗದ ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು.

‘ಅಮ್ಮನಿಗೆ ಮಾತ್ರ ಇದು ಗೊತ್ತಾಗೋದು ಬೇಡ ದೊಡ್ಡಮ್ಮಾ. ನೀವು ಅವತ್ತು ಎರಡು ಸಲ ಬಡಿಸಿದ್ರಂತಲ್ಲ, ಅದನ್ನ ಈಗಲೂ ಹೇಳ್ತಿರ್ತಾಳೆ. ಈ ಊರಿನ ಬಗ್ಗೆ ಅವಳು ಒಳ್ಳೇದು ಅಂತ ಹೇಳೋದು ಅದೊಂದೇ.’

ಅಷ್ಟು ಹೇಳಿ ಅವಳು ಕೆಲಸಕ್ಕೆ ಹೊತ್ತಾಯಿತೆಂದು ಹೊರಟಳು. ನೀರು ಕುಡಿಯಲಿಲ್ಲ.