ಚಳಿ ಹೊಕ್ಕ ದಾರಿ

ಶಿವರಂಜನಿಯ ತಂದೆಗೆ ಶಿರಾದಲ್ಲಿ ಕಡಲೆಕಾಯಿ ಮಂಡಿ ಇತ್ತು. ಬೀಜದ ಚೀಲದಲ್ಲಿ ಕಲ್ಲು ಸಿಕ್ಕಿದೆಯೆಂದು ದೂರು ಬಂದರೆ ಅವರು ಕೂಲಿಯವರನ್ನು ಬೈಯುತ್ತಿರಲಿಲ್ಲ. ಚೀಲದಿಂದ ಹಿಂದಕ್ಕೆ ನಡೆಯುತ್ತಿದ್ದರು: ಬಾಯಿ ಹೊಲಿಯುವವನ ಬಳಿಗೆ, ಜರಡಿಯ ಬಳಿಗೆ, ರಾಶಿಯ ಬಳಿಗೆ. ಎಲ್ಲೋ ಒಂದು ಕಡೆ ಜರಡಿ ಹರಿದಿರುತ್ತಿತ್ತು. ಮಗಳು ನರ್ಸಿಂಗ್ ಓದಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿದಾಗ ಇದನ್ನೇ ಗುಣಮಟ್ಟ ಸುಧಾರಣೆ ಎಂಬ ಹೆಸರಿನಲ್ಲಿ ಕಲಿಸಿದರು. ಜೊತೆಗೆ ಇನ್ನೊಂದನ್ನೂ ಕಲಿಸಿದರು: ಬದಲಾವಣೆಯನ್ನು ಇಡೀ ವಾರ್ಡಿನಲ್ಲಿ ಒಮ್ಮೆಲೇ ತರಬಾರದು, ಒಬ್ಬರಲ್ಲಿ ಮಾಡಿ ನೋಡಿ, ತಪ್ಪಿದರೆ ತಿದ್ದಿ, ಆಮೇಲೆ ಹರಡಬೇಕು. ಮಧುಗಿರಿಗೆ ಬಂದ ಮೇಲೆ ಆಕೆ ಈ ಎರಡನೆಯ ಪಾಠವನ್ನು ಮರೆತಳು.

ಮಧುಗಿರಿಯ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ಹೆರಿಗೆ ವಾರ್ಡು ಅವಳ ಸುಪರ್ದಿಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಪುರುಸೊತ್ತಿರಲಿಲ್ಲ ಎನ್ನುತ್ತಿದ್ದಳು. ಅದು ಪೂರ್ಣ ಉತ್ತರವೆಂದೇ ನನ್ನ ಅಭಿಪ್ರಾಯ.

ಆ ಚಳಿಗಾಲದಲ್ಲಿ, ಚೆನ್ನಾಗಿಯೇ ಹುಟ್ಟಿದ ಮಕ್ಕಳು ಸ್ವಲ್ಪ ಹೊತ್ತಿಗೆಲ್ಲ ತಣ್ಣಗಾಗುತ್ತಿದ್ದವು. ತೂಕ ಕಡಿಮೆಯಿದ್ದ ಮಗುವೊಂದನ್ನು ತುಮಕೂರಿಗೆ ಸಾಗಿಸುವಾಗ ಅದು ಕೊರಟಗೆರೆ ದಾಟುವುದರೊಳಗೆ ತೀರಿಕೊಂಡಿತು. ಮುಖ್ಯ ವೈದ್ಯ ನರಸಿಂಹರಾಜು ನಿಷ್ಠುರವಾಗಿ ಹೇಳಿದರು: "ಇನ್ನೊಂದು ಮಗು ಹೀಗಾದರೆ, ದಿನ ತುಂಬದ ಬಸುರಿಯರನ್ನು ನಾವು ತೆಗೆದುಕೊಳ್ಳೋದಿಲ್ಲ. ನೇರ ತುಮಕೂರಿಗೆ ಹೋಗಲಿ."

ಪಾವಗಡದ ಗಡಿಯಿಂದ ಬರುವ ಹೆಂಗಸು ನೋವು ತಿನ್ನುತ್ತ ಅಷ್ಟು ದೂರ ಹೋಗುವುದೆಂದರೆ ಏನೆಂದು ಶಿವರಂಜನಿಗೆ ಗೊತ್ತಿತ್ತು. ಹಾಗಾಗಲು ಬಿಡುವುದಿಲ್ಲವೆಂದು ಅವಳು ನಿರ್ಧರಿಸಿದಳು.

ಒಂದು ಮಗುವಿನ ಹಿಂದೆ ನಡೆದಳು. ಮಂಚದ ಮೇಲೆ ಅದು ಬೆಚ್ಚಗಿತ್ತು. ಫ್ಯಾನಿನ ಕೆಳಗಿದ್ದ ಸ್ಟೀಲ್ ತಟ್ಟೆಯಲ್ಲಿ ತೂಕಕ್ಕೆ ಮಲಗಿಸಿದರು. ಆಯಾ ನಾಗರತ್ನಮ್ಮ ಹೊರಗೆ ಒಯ್ದು ಅಜ್ಜಿಯ ಕೈಯಿಂದ ನೀರು ಹಾಕಿಸಿದಳು. ಆಮೇಲೆ ಜಗಲಿಯಲ್ಲಿ ನೆಂಟರೆಲ್ಲ ಬಟ್ಟೆ ಬಿಚ್ಚಿ, ಗಂಡೋ ಹೆಣ್ಣೋ, ಮೂಗು ಯಾರದ್ದು ಎಂದು ತೀರ್ಮಾನಿಸಿದರು. ಮರಳಿ ತಾಯಿಯ ಪಕ್ಕಕ್ಕೆ ಬರುವಷ್ಟರಲ್ಲಿ ಪಾದ ತಣ್ಣಗಾಗಿತ್ತು.

ಮರುದಿನವೇ ಬೋರ್ಡು ಬಂತು: ಮಗುವಿಗೆ ಸ್ನಾನ ಮಾಡಿಸಬಾರದು. ಜಗಲಿಗೆ ತರಬಾರದು.

ಜನ ಓದಿದರು. ಆಮೇಲೆ ಟೀ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ಹಿಂದಿನ ಕಕ್ಕಸಿನ ಮರೆಯಲ್ಲಿ, ಗಾಳಿಗೆ ಎದುರಾಗಿ ಮಗುವನ್ನು ತೊಳೆದರು. ಮಕ್ಕಳು ಮೊದಲಿಗಿಂತ ಹೆಚ್ಚು ತಣ್ಣಗಾದವು.

ಮಗುವನ್ನು ಹೊರಗೆ ಕೊಟ್ಟಿದ್ದಕ್ಕೆ ಶಿವರಂಜನಿ ನಾಗರತ್ನಮ್ಮನನ್ನು ತರಾಟೆಗೆ ತೆಗೆದುಕೊಂಡಳು.

"ತೊಳ್ಯಾಕೆ ಕೊಡ್ದಿದ್ರೆ ನನ್ನ ಮಕಕ್ಕೇ ಉಗೀತಾರೆ ಸಿಸ್ಟರಮ್ಮ," ಎಂದಳು ನಾಗರತ್ನಮ್ಮ. "ಮನೇಲಿ ದೊಡ್ಡಾಕೆ ಮೊದಲ ನೀರು ಹುಯ್ಯಗಂಟ ಮಗೀನ ಯಾರೂ ಎತ್ಕಳಂಗಿಲ್ಲ. ಇಲ್ಲಿ ಆ ಮುದುಕೀರ್‌ನ ಒಳೀಕೆ ಬುಡಾಕಿಲ್ಲ ನೀವು. ಇನ್ನೇನು ಮಾಡ್ತಾರೆ, ಬೋರ್ಡ್ ನೋಡ್ಕಂಡು ಕೂತ್ಕಂತಾರಾ?"

ತಂದೆ ಕೂಲಿಯವರನ್ನು ಏಕೆ ಬೈಯುತ್ತಿರಲಿಲ್ಲವೆಂದು ಶಿವರಂಜನಿಗೆ ಅಂದು ನೆನಪಾಯಿತು. ಅಜ್ಜಿಯರಿಗೆ ಆಸ್ಪತ್ರೆಯಲ್ಲಿ ಉಳಿದಿದ್ದ ಕೆಲಸ ಅದೊಂದೇ. ಅದನ್ನೂ ಬೋರ್ಡು ಕಿತ್ತುಕೊಂಡಿತ್ತು. ಕೆಲಸ ಕಿತ್ತುಕೊಂಡರೆ ಬೇರೆ ಕೆಲಸ ಕೊಡಬೇಕು.

ಈ ಸಲ ಒಬ್ಬಳೇ ಬಾಣಂತಿಯಿಂದ ಆರಂಭಿಸಿದಳು. ಹುಟ್ಟಿದ ಮಗುವನ್ನು ಒರೆಸಿ, ಕುಲಾವಿ ಹಾಕಿ, ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ ಮೇಲೆ ಬಟ್ಟೆ ಹೊದಿಸುವುದು. ತೂಕ ಆಮೇಲೆ. ಮನೆಯ ಹಿರಿಯಳಿಗೆ ಒಳಗೊಂದು ಸ್ಟೂಲು. ಮಗುವಿನ ಪಾದ ಹಿಡಿದು ಕೂರುವುದು ಅವಳ ಕೆಲಸ, ತಣ್ಣಗೆನಿಸಿದರೆ ಕೂಗಬೇಕು. ಮೊದಲ ನೀರು ಮನೆಗೆ ಹೋದ ಮೇಲೆ, ಅವಳ ಕೈಯಿಂದಲೇ.

ಮೊದಲ ಪ್ರಯೋಗವನ್ನು ಫ್ಯಾನು ಕೆಡಿಸಿತು. ಓಡಾಡಿ ಬೆವೆತ ನರ್ಸೊಬ್ಬಳು ಸೆಕೆಯೆಂದು ಹಾಕಿದ್ದಳು. ಸ್ವಿಚ್ಚಿಗೆ ಪ್ಲಾಸ್ಟರ್ ಅಂಟಿಸಿದರು. ಎರಡನೆಯದರಲ್ಲಿ ಒಂದೇ ಸ್ಟೂಲಿಗಾಗಿ ಬೀಗಿತ್ತಿಯರಿಬ್ಬರು ಜಗಳವಾಡಿದರು. ಯಾರು ಕೂರಬೇಕೆಂದು ದಾಖಲಾಗುವಾಗಲೇ ಬಸುರಿಯನ್ನು ಕೇಳುವ ಕ್ರಮ ಬಂತು. ಹೀಗೆ ತಿದ್ದುತ್ತ ತಿದ್ದುತ್ತ ಅದು ವಾರ್ಡಿನ ರೂಢಿಯಾಗುವ ಹೊತ್ತಿಗೆ ಐ.ಡಿ.ಹಳ್ಳಿಯ ಹರ್ಷಿತಾ ದಿನ ತುಂಬುವ ಮೊದಲೇ ಹೆರಿಗೆಗೆ ಬಂದಳು. ಜೊತೆಗೆ ಅಜ್ಜಿ ಚಿಕ್ಕಹನುಮಕ್ಕ.

ಮಗು ಅಂಗೈಯಷ್ಟಿತ್ತು. ಉಸಿರಾಟ ಸರಿಯಿತ್ತು. ನರಸಿಂಹರಾಜು ನೋಡಿ, "ಆಂಬುಲೆನ್ಸ್ ಬಾಗಿಲಿಗೇ ಬರಲಿ," ಎಂದರು. "ಮೈ ತಣ್ಣಗಾದ ಕ್ಷಣ ತುಮಕೂರಿಗೆ."

"ತಣ್ಣಗಾದರೆ ನಾನೇ ಹತ್ತಿಸುತ್ತೇನೆ ಸರ್," ಎಂದಳು ಶಿವರಂಜನಿ.

ಚಿಕ್ಕಹನುಮಕ್ಕ ಸ್ಟೂಲಿನ ಮೇಲೆ ಕೂತು ಮೂಗು ಮುರಿದಳು. "ಮೈಮೇಲೆ ಬಿಳೀ ಜಿಡ್ಡು ಅಂಗೇ ಐತಲ್ಲವ್ವ. ತೊಳೀದೆ ಮಡಗಾಕೆ ಇದೇನು ಎಮ್ಮೆ ಕರುವಾ?"

"ಎಮ್ಮೆ ತನ್ನ ಕರೂಗೆ ಸ್ನಾನ ಮಾಡಿಸುತ್ತಾ ಅಜ್ಜಿ? ನೆಕ್ಕಿ ಪಕ್ಕದಲ್ಲಿ ಮಲಗಿಸ್ಕೊಳ್ಳುತ್ತೆ. ಕರು ಸಾಯುತ್ತಾ?"

"ಮಾತಿಗೇನು ಕಮ್ಮಿ ಇಲ್ಲ ಬುಡು ನಿಂಗೆ," ಎಂದು ಮುದುಕಿ ಬಟ್ಟೆಯೊಳಗೆ ಕೈ ತೂರಿಸಿ ಪಾದ ಹಿಡಿದಳು.

ಮಧ್ಯಾಹ್ನದ ತನಕ ಆ ಕೈ ಅಲ್ಲಿಂದ ಕದಲಲಿಲ್ಲ. ಒಮ್ಮೆ, "ಸಿಸ್ಟರಮ್ಮ, ಎಡಗಾಲು ಯಾಕೋ ತಣ್ಣಗೈತೆ," ಎಂದು ಕೂಗಿದಳು. ಬಟ್ಟೆ ಸರಿದಿತ್ತು. ಶಿವರಂಜನಿ ಒಣಗಿದ ಬಟ್ಟೆಯನ್ನು ಎರಡು ಪದರ ಹೊದಿಸಿ, ಕಾಲುಚೀಲ ಹಾಕಿ, ಥರ್ಮಾಮೀಟರ್ ಇಟ್ಟು ಕಾದು ನಿಂತಳು. ಮೈಕಾವು ಇಳಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಪಾದವೂ ಬೆಚ್ಚಗಾಯಿತು. ಮಗು ಮೊಲೆಗೆ ಬಾಯಿ ಹಾಕಿತು.

ಸಂಜೆ ನರಸಿಂಹರಾಜು ಬಂದು ಮಗುವಿನತ್ತ ಕೈ ಚಾಚಿದರು.

"ಕೈ ಬಿಸಿ ಮಾಡ್ಕಂಡು ಬಾರಪ್ಪ," ಎಂದಳು ಚಿಕ್ಕಹನುಮಕ್ಕ.

ಅವರು ಅಂಗೈಗಳನ್ನು ಉಜ್ಜಿಕೊಂಡು ಮಗುವನ್ನು ಮುಟ್ಟಿದರು. ಥರ್ಮಾಮೀಟರನ್ನು ಎರಡು ಸಲ ನೋಡಿದರು. ಆಮೇಲೆ ಆಂಬುಲೆನ್ಸಿನ ಚಾಲಕನಿಗೆ ಹೋಗಲು ಹೇಳಿ, "ದಿನ ತುಂಬದವರು ಬರಲಿ. ಈ ಚಳಿಗಾಲಕ್ಕೆ ಇಲ್ಲೇ ಹೆರಲಿ," ಎಂದರು.

"ಮುಂದಿನ ಚಳಿಗಾಲಕ್ಕೆ ಸರ್?"

"ಒಂದು ಕೊಟ್ಟರೆ ಇನ್ನೊಂದು ಕೇಳ್ತೀರಲ್ಲ ನೀವು." ಬಾಗಿಲು ದಾಟುತ್ತ ಹೇಳಿದರು, "ಮುಂದಿನದಕ್ಕೂ."

ಶಿವರಂಜನಿ ಜಗಲಿಗೆ ಹೋಗಿ ಬೋರ್ಡನ್ನು ಮೊಳೆಯಿಂದ ಇಳಿಸಿದಳು. ನಾಗರತ್ನಮ್ಮನಿಗೆ ಅದನ್ನು ಕೊಟ್ಟು, ಇನ್ನೂ ಎರಡು ಸ್ಟೂಲು ತರಿಸಲು ಹೇಳಿದಳು.